ಕೀಲಿ, ಕೈ

ಸಿಮ್ಮು ಗಂಡನ ಹೆಸರಿನಾಗ ಐತಿ.
ರೇಷನ್ ಕಾರ್ಡಿನಾಗ ಅತ್ತಿ ಮುಂದ, ನಾನು ಮೂರನೇ ಸಾಲು.
ಆಧಾರಿನಾಗ ನನ್ನ ಹೆಸರು ತಪ್ಪು ಬಿದ್ದು
ಆರು ವರ್ಷ ಆತು, ಈಗ ಆ ತಪ್ಪೇ ನಾನು.
ಹತ್ತಿ ಮಿಲ್ಲಿನಾಗ ಇಪ್ಪತ್ತೇಳು.
ಮೇಸ್ತ್ರಿ ನಂಬರು ಕೂಗತಾನ,
ನಾನು ಹ್ಞೂಂ ಅಂತೀನಿ.

ಹುಸೇನಮ್ಮ ಅಂದಳು: ಇವೆಲ್ಲ ಕೊಟ್ಟ ಹೆಸರು,
ಕೊಟ್ಟವರು ಕಸಗೋತಾರ.
ಒಂದು ನೀನೇ ಮಾಡ್ಕೋ.

ಮಸ್ಕಿ ಬಸ್‌ಸ್ಟ್ಯಾಂಡಿನ ಹಿಂದ, ಕಬ್ಬಿನಹಾಲಿನ ಗಾಡಿ ನೆರಳಿಗೆ
ಇಬ್ಬರೂ ಕುಂತಿವಿ. ಬಿರುಕು ಬಿದ್ದ ಪರದೆ ಮ್ಯಾಲೆ
ಆಕಿ ಬೆರಳು ಓಡಾಡಿತು.
ಯಾವ ಆಫೀಸಿಗೂ ಅರ್ಜಿ ಹೋಗಲಿಲ್ಲ,
ಯಾವ ಸಾಹೇಬನೂ ಠಸ್ಸೆ ಒತ್ತಲಿಲ್ಲ.
ಫೋನು ತನ್ನ ಹೊಟ್ಟ್ಯಾಗೇ ಅಂಕಿ ಕುಟ್ಟಿ, ಬೀಸಿ
ಒಂದು ಕೀಲಿ, ಆ ಕೀಲಿಗೊಂದು ಕೈ
ಹೆತ್ತಿತು. ನನ್ನ ಗ್ಲಾಸಿನ ಐಸು ಇನ್ನೂ ಕರಗಿರಲಿಲ್ಲ.

"ಕೀಲಿ ಊರಿಗೆಲ್ಲ ಹಂಚು," ಅಂದಳು,
"ಹಾಕೋರು ಯಾರಾದ್ರೂ ಹಾಕಲಿ.
ತೆಗಿಯೋ ಕೈ ಒಬ್ಬಾಕೀದು. ಕೈ ಮಾತ್ರ ಕೊಡಬ್ಯಾಡ."

ಕೈ ಕೊಡಬ್ಯಾಡ ಅಂತ ಹೇಳಾಕ
ನನ್ನ ಹದಿನಾರನೇ ವರ್ಷಕ್ಕ ಯಾರೂ ಇರಲಿಲ್ಲ.

ಹುಟ್ಟಿದ ಹೆಸರು ನೋಡಿದೆ. ಅಕ್ಷರ, ಅಂಕಿ, ಮತ್ತ ಅಕ್ಷರ,
ಸಂತ್ಯಾಗ ಚೀಲ ಹರಿದು
ಜೋಳ, ಸಜ್ಜಿ, ಹೆಸರು ಕೂಡಿ ಚೆಲ್ಲಿದಂಗ.
ಇದನ್ನ ಯಾರು ಕರೀತಾರ?
ಕರಿಯೋದಕ್ಕಲ್ಲ, ಗುರುತಿಗೆ, ಅಂದಳು.
ಜಾತಿ ಹುಡುಕು ನೋಡೋಣ. ಗಂಡನ ಮನಿ ಅಡ್ಡಹೆಸರು ಹುಡುಕು.
ತಿರುಗಿಸಿ ಮುರುಗಿಸಿ ನೋಡಿದೆ.
ಇರಲಿಲ್ಲ.

ನಮ್ಮ ಗುಡ್ಡದ ಬಂಡೆಗಲ್ಲು ನೆನಪಾತು.
ಐದನೇತ್ತಿನಾಗ ಸಾಲಿಯವರು ಕರಕೊಂಡು ಹೋಗಿದ್ದರು.
ಬ್ಯಾರೆ ಊರ ಕಲ್ಲಿನಾಗ ರಾಜಗ ಬರೀ ಬಿರುದು;
ಯಾರ ಬಿರುದದು ಅಂತ ಪಂಡಿತರು ತಲಿ ಕೆರಕೊಳ್ಳೋ ಹೊತ್ತಿನಾಗ
ನಮ್ಮ ಕಲ್ಲು ಅಶೋಕ ಅಂತ ಹೆಸರು ಹಿಡಿದು ಹೇಳಿತಂತ.
ಕೊಪ್ಪಳದ ಗವಿಮಠದಾಗೂ ಅದೇ ಮಾತು ಕೊರದಾರ,
ಪಾಲ್ಕಿಗುಂಡಿನಾಗೂ. ಯಾವುದು ಅಸಲು, ಯಾವುದು ನಕಲು?
ಒಂದು ಒಡೆದರ ಇನ್ನೊಂದು ಸಾಕ್ಷಿ.
ಹುಸೇನಮ್ಮ ಹೇಳಿದ್ದು ಇದೇ ಇರಬೇಕು:
ದಫ್ತರ ಒಬ್ಬನ ಕಪಾಟಿನಾಗ ಇರಬಾರದು.

ಆಮ್ಯಾಲೆ ಆಕಿ ಫೋನು, ನನ್ನ ಫೋನು ಎದುರಾಬದರಾ ಹಿಡಿದು
ಬೀಗತೇರು ವೀಳ್ಯ ಬದಲಿಸಿದಂಗ ಅಂಕಿ ಓದಿದಿವಿ,
ಆಕಿ ಐದು, ನಾನು ಐದು.
ಒಂದು ಇದ್ದಲ್ಲಿ ಏಳು ಅಂದೆ.
"ಕಣ್ಣು ತೆರೆದು ಓದು," ಬೈದಳು, "ಇಂಥಲ್ಲೇ ನೋಡು,
ಇಬ್ಬರ ನಡುವ ಮೂರನೇದವ ಬಂದು ಕೂಡೋದು."
ಹಿಂದ ಹೊಳ್ಳಿ ನೋಡಿದೆ. ಕಬ್ಬು ಹಿಂಡೋ ಹುಡುಗ ನಗತಿದ್ದ.

ಕಡೀಗೆ ಹನ್ನೆರಡು ಮಾತು ಬಂದವು.
ಫೋನು ಕಳೆದರ ಇವೇ ನೀನು,
ಇವೂ ಕಳೆದರ ಯಾವ ತಹಸೀಲ್ದಾರನೂ
ನಿನ್ನ ನಿನಗ ತಿರುಗಿ ಕೊಡಾಂಗಿಲ್ಲ.
ಆ ಮಾತಿಗೆ ಎದಿ ಝಲ್ ಅಂತು. ಇಷ್ಟು ದಿನ
ನನ್ನ ಕಳೆಯೋ ಅಧಿಕಾರನೂ ನನ್ನ ಹಂತ್ಯಾಕ ಇರಲಿಲ್ಲಲ್ಲ.

ಚೀಟ್ಯಾಗ ಬರೆದರ ಮೈದುನ ಓದ್ಯಾನು.
ಅರ್ಧ ಹೊಲಿದ ಕೌದಿ ಇತ್ತು.
ಹನ್ನೆರಡು ತುಣುಕು ಹಚ್ಚಿದೆ, ಮಾತಿಗೊಂದು.
ಕೆಂಪು ಖಣ ಅಂದರ ಏನು, ಹಳದಿ ಗೀಟು ಅಂದರ ಏನು,
ಯಾವ ಮೂಲಿಯಿಂದ ಓದಬೇಕು,
ನನ್ನ ಸೂಜಿಗೂ ಮರೆತಿದ್ದೀತು, ನನಗಿಲ್ಲ.
ಈಗ ಮನಿಮಂದಿಯೆಲ್ಲ ಅದರ ಮ್ಯಾಲೇ ಮಲಗತಾರ.
ಗಂಡ ಗೊರಕಿ ಹೊಡೀತಾನ
ನನ್ನ ಏಳನೇ ಮಾತಿನ ಮ್ಯಾಲೆ.

ಆ ರಾತ್ರಿ ಮೊದಲನೇ ಸುದ್ದಿಗೆ ಕೀಲಿ ಹಾಕಿ ಕಳಿಸಿದೆ.
ಅಷ್ಟು ಅಂಕಿ, ಅಷ್ಟು ಕಾವಲು ದಾಟಿ ಹೋದದ್ದು ಇಷ್ಟೇ:
ಉಂಡ್ಯಾ?

ಆಕಿ ಏನು ಬರೆದಳು,
ಅದಕ್ಕ ನಾನೇನು ಬರೆದೆ,
ಅದು ನಿಮಗ್ಯಾಕ.