ಶಿ ಅಂದ್ರ ನಾಕು

ಮುಂಜಾನಿ ಐದೂವರಿಗೆ
ಯಾದಗಿರಿ ಗುಡ್ಡ ಇನ್ನಾ ಕರ್ರಗ ಕುಂತಿರ್ತದ,
ಕ್ವಾಟಿ ಗ್ವಾಡಿ ಯಾವ್ದು, ಬರೀ ಕಲ್ಲು ಯಾವ್ದು ತಿಳಿಯಂಗಿಲ್ಲ.
ಆವಾಗ ನಾನು ಕನ್ಯಾ ಶಾಲಿ ಗೇಟ್ ಬಲ್ಲಿ
ಚೀಲ ಎದಿಗವಚಿ ನಿಂತಿರ್ತೀನಿ,
ಕಳವು ಮಾಡ್ಲಾಕ ಬಂದಾಕಿ ಹಂಗ.

ಚೀಲದಾಗ ಬಿಳಿ ಅಂಗಿ, ಬಿಳಿ ಇಜಾರ, ಬಿಳಿ ಪಟ್ಟಿ.
"ಮಗಳಿಗೇನ್ರಿ?" ಅಂತ ಕೇಳಿದ್ದ ಅಂಗಡ್ಯಾಂವ.
ಹೂಂ ಅಂದುಬಿಟ್ಟೆ.
ಸೈಜು ಮಾತ್ರ ನಲವತ್ತೆರಡು ಕೊಡು ಅಂದೆ.
ಅಂವ ಅಂಗಿ ನೋಡ್ದ, ನನ್ನ ನೋಡ್ದ,
ಸುಮ್ನ ಕಟ್ಟಿ ಕೊಟ್ಟ.

ನಲವತ್ನಾಕು ವರ್ಷದಾಕಿ ನಾನು, ಜಗದೇವಿ,
ಗ್ರಂಥಾಲಯದ ಸಹಾಯಕಿ.
ಹತ್ತೊಂಬತ್ತು ವರ್ಷ ಪೇಪರ್ ಜೋಡಿಸೀನಿ,
ಪುಸ್ತಕಕ್ಕ ಶಿಕ್ಕಾ ಹೊಡದೀನಿ,
ಯಾರರ ಪಿಸುಗುಟ್ಟಿದ್ರ
ತುಟಿ ಮ್ಯಾಲ ಬಟ್ಟಿಟ್ಟು
ಶ್... ಅಂದೀನಿ.

ಇಲ್ಲಿ ಮಾಣಿಕ ಸರ್ ಅಂತಾರ, "ಚೀರ್ರಿ ಮೇಡಂ!
ಹೊಟ್ಟಿಲಿಂದ ಬರ್ಲಿ, ಗಂಟಲಿಂದ ಬ್ಯಾಡ."
ಹಗಲ್ಹೊತ್ತು ಅವರು ಆಟೋ ಹೊಡಿತಾರ,
ಸ್ಟೇಷನ್ನಿಂದ ಬಸ್‌ಸ್ಟ್ಯಾಂಡಿಗೆ.
ಇಷ್ಟೊತ್ನಾಗ ಕರೀ ಪಟ್ಟಿ ಬಿಗದು
ಬರಿಗಾಲಾಗ ನಮ್ಮ ನಡುವ ಓಡ್ಯಾಡ್ತಾರ.
ಮೂವತ್ತು ಪೋರ ಪೋರ್ಯಾರು ಹಾ! ಅಂತಾವ,
ಬೇವಿನ ಗಿಡದಾಗಿನ ಗುಬ್ಬಿ ಎದ್ದು ಹಾರ್ತಾವ.
ನನ್ನ ಬಾಯಿಲಿಂದ ಬರೋದು
ಬಸಿಯಾಗಿನ ಚಹಾ ಆರಿಸೋ ಗಾಳಿ.

ನನ್ನ ಜೋಡಿ ಅಫ್ಶೀನ್. ಒಂಬತ್ತು ವರ್ಷ,
ಮುಂದಿನ ಹಲ್ಲು ಇನ್ನಾ ಬಂದಿಲ್ಲ.
ಹಿಂದಿನ ಸಾಲಿನ್ಯಾಗ ಬಿಳಿ ಪಟ್ಟಿ ನಾವಿಬ್ಬರೇ.
ಮೊದಲ್ನೇ ದಿನ ಗಂಟು ಹಾಕಿ ಕೊಟ್ಟಾಕಿ ಅಕಿ:
"ಆಂಟಿ, ಇದು ಇಜಾರದ ಲಾಡಿ ಅಲ್ಲ,
ಎರಡೂ ತುದಿ ಸಮ ಬರ್ಬೇಕು."
ಬರಂಗಿಲ್ಲ ನಂದು. ಮೊಲದ ಒಂದು ಕಿವಿ ಜೋತಂಗ ಆಗ್ತದ.
ಅಕಿ ಗುದ್ದು ತಡೀಲಾಕ ನಾ ಬಗ್ಗಬೇಕು,
ನಂದು ತಡೀಲಾಕ ಅಕಿ ಜಿಗೀಬೇಕು.

ಎಣಿಸೋದು ಜಪಾನಿ ಭಾಷಾದಾಗ.
ಇಚಿ, ನಿ, ಸಾನ್,
ಶಿ.
ನಾಕು ಬಂದ್ರ ಸಾಕು, ನಾ ನಿಂತೇಬಿಡ್ತೀನಿ,
ಕಾಲು ಕಾಲಿದ್ದಲ್ಲೇ, ಕೈ ಕೈಯಿದ್ದಲ್ಲೇ,
ನಾನಂದಿದ್ದೆಲ್ಲಾ ಯಾರೋ ಕೂಡಿಟ್ಟು
ನನಗೇ ತಿರುಗಿ ಅಂದಂಗ.
ಉಳಿದವರು ಆರು, ಏಳು ದಾಟಿರ್ತಾರ,
ಶಹಾಬಾದಿ ಫರಸಿ ಮ್ಯಾಲ ಅವರ ಹಿಮ್ಮಡದ ಸಪ್ಪಳ.
"ಶಿ ಅಂದ್ರ ನಾಕು, ಆಂಟಿ.
ಸುಮ್ನಿರು ಅಂತಲ್ಲ."

ಮೊಣಕಾಲಿಗೆ ಎಣ್ಣಿ ತಿಕ್ಕೋತ ಅವ್ವಗ ಹೇಳಿದ್ದೆ,
ಪಾವಟಗಿ ಜಾರ್ದೆ ಅಂತ.
ಮೂರು ಸಲ ಜಾರಿದ ಮ್ಯಾಲ
"ಯಾವ ಪಾವಟಗಿ ಅದು, ತೋರ್ಸು" ಅಂದಳು.
ತೋರಿಸಿದೆ, ಕುದುರಿ ಮ್ಯಾಲ ಕುಂತಂಗ ನಿಂತು.
"ಎಮ್ಮಿ ಹಿಂಡ್ಲಾಕ ಕುಂತಂಗ ಅದ" ಅಂತ ನಕ್ಕಳು.
ಆಮ್ಯಾಲ ಬಾಜೂಕ ಬಂದು
ಸೀರಿ ಎತ್ತಿಕಟ್ಟಿ, ತಾನೂ ಒಂಚೂರು ಬಗ್ಗಿದಳು.

ಶನಿವಾರ ಮಧ್ಯಾಹ್ನ ಗ್ರಂಥಾಲಯದಾಗ ಕರೆಂಟ್ ಹೋಗಿತ್ತು.
ಪೇಪರಿನ ಹಿಂದ ಎಂಟು ಮಂದಿ ಬೆವರ್ಕೋತ ಕುಂತಿದ್ರು.
ಗುಡ್ಡ ಇಳಿದು ಬಂದ ಮಂಗ್ಯಾ ಒಂದು
ಕಿಡಕಿ ದಾಟಿ, ನಿಘಂಟಿನ ಅಲಮಾರಿ ದಾಟಿ
ನನ್ನ ಬುತ್ತಿಗೇ ಕೈ ಹಾಕ್ತು.
ಆವಾಗ ಬಂತು.
ಹೊಟ್ಟಿಲಿಂದ, ಹೊಟ್ಟಿಗಿಂತಾ ಕೆಳಗಿಂದ,
ಎಲ್ಲಿತ್ತೋ ಇಷ್ಟು ದಿನ,
ಅಲಮಾರಿ ಗಾಜು ಝಣ್ ಅಂತು,
ಎಂಟೂ ಪೇಪರ್ ಕೆಳಗಿಳಿದ್ವು.
ಪಿಂಚಣಿ ಮಾಸ್ತರ್ರು ರೇವಪ್ಪನವರು
ಚಷ್ಮಾದ ಮ್ಯಾಲಿಂದ ನನ್ನ ನೋಡಿ,
ತುಟಿಗೆ ಬಟ್ಟಿಟ್ಟು, ಮೆಲ್ಲಕ ಅಂದ್ರು:
ಶ್...

ಗೋ, ಅಂದೆ ನಾನು.
ಐದು.
ಅವರಿಗೆ ತಿಳೀಲಿಲ್ಲ, ಪೇಪರ್ ತಿರುಗಿಸಿದ್ರು.

ಸೋಮವಾರ ಎಲ್ಲಾ ಕೇಳಿಸ್ಕೊಂಡು
ಅಫ್ಶೀನ್ ಕೇಳಿದ್ದು ಒಂದೇ:
"ಮಂಗ್ಯಾ ಓಡಿ ಹೋಯ್ತೇನ್?"

ಇಲ್ಲ. ಕುಂತಲ್ಲೇ ಕುಂತು
ಎರಡೂ ರೊಟ್ಟಿ ತಿಂತು,
ಪುಂಡಿಪಲ್ಯ ಬಾಜೂಕ ಸರಿಸಿ,
ನನ್ನ ಮಾರಿ ನೋಡ್ಕೋತ.