ಒಂದು ಒತ್ತು

ಹದಡಿ ರಸ್ತೆಯ ನಮ್ಮ ಸೌದೆ ಅಡ್ಡೆಗೆ
ಮಷೀನು ಬಂದದ್ದು ಶನಿವಾರ.
ಶನಿವಾರ ಕಬ್ಬಿಣ ಇಳಿಸಬಾರದು ಅಂದರು;
ಲಾರಿಯವನು ಕಾಯುವನೇ?
ಇಳಿಸಿದೆವು.

ಹಳದಿ ತೊಲೆ, ತುದಿಗೊಂದು ಬೆಣೆ.
ಹಿಡಿ ತಳ್ಳಿದರೆ ಹಿಂದಿನಿಂದ ಉಕ್ಕಿನ ತೋಳು
ಅವಸರವೇ ಇಲ್ಲದೆ ಬರುತ್ತದೆ,
ಬಾಕಿ ವಸೂಲಿಗೆ ಬಂದವನ ಹಾಗೆ.
ನೀಲಗಿರಿ ಚಟ್ಟನೆ ಒಪ್ಪುತ್ತದೆ. ಬೇವು ಗೊಣಗಿ ಒಪ್ಪುತ್ತದೆ.
ಜಾಲಿ ಸೀಳುವಾಗ ಮಾತ್ರ
ಮುಖ ಆಚೆ ತಿರುಗಿಸಿಕೊಳ್ಳಬೇಕು.

ಮೊದಲ ದಿನದ ಲೆಕ್ಕ ಬರೆದವಳು ನಾನೇ:
ಬೆಣ್ಣೆ ಒಂದು, ಪೈಪು ಎರಡು, ಎಣ್ಣೆ ಇಪ್ಪತ್ತು ಲೀಟರು.
ಬುಡೇನ್ ಸಾಬರು ಓದಿ ನಕ್ಕರು.
"ಬೆಣೆಗೆ ಒತ್ತು ಕೊಟ್ಟುಬಿಟ್ಟೀಯಲ್ಲವ್ವ,
ಒತ್ತೋದು ಮಷೀನಿನ ಕೆಲಸ."
ಏನು ಮಾಡಲಿ, ಈ ಊರಲ್ಲಿ ಹುಟ್ಟಿದ ಕೈ,
ಬೆಣೆ ಬರೆಯಹೋದರೆ ಬೆಣ್ಣೆಯೇ ಬರುತ್ತದೆ.

ಮೂವತ್ತೊಂದು ವರ್ಷ ಕೊಡಲಿ ಎತ್ತಿದವರು ಅವರು.
ಬಲ ಭುಜ ಎಡಕ್ಕಿಂತ ಒಂದು ಬೆರಳು ಕೆಳಗೆ,
ಅಂಗಿ ಹೊಲಿಯುವ ದರ್ಜಿಗೆ ಗೊತ್ತು.
ಈಗ ಎರಡು ಬೆರಳಲ್ಲಿ ಹಿಡಿ ತಳ್ಳುತ್ತಾರೆ.
ಮಧ್ಯಾಹ್ನ ಒಣ ಬನಿಯನ್ನು ಮುಟ್ಟಿ ನೋಡಿಕೊಳ್ಳುತ್ತಾರೆ,
ಬೇರೆ ಯಾರದೋ ತೊಟ್ಟುಕೊಂಡವರ ಹಾಗೆ.

ಮೂಲೆಯಲ್ಲಿತ್ತು ಆ ಹುಣಸೆ ಗಂಟು.
ರಸ್ತೆ ಅಗಲ ಮಾಡಿದ ವರ್ಷ ಬಂದದ್ದು;
ನಾಲ್ಕು ಕಾವು ಮುರಿದಿತ್ತು,
ಒಂದು ಕೊಡಲಿಯ ಬಾಯಿ ಹಾರಿಸಿತ್ತು.
ಸೀಳದ್ದನ್ನು ಏನು ಮಾಡುವುದು?
ನನ್ನ ಗಂಡ ಇದ್ದಷ್ಟು ದಿನ
ತಕ್ಕಡಿಯ ಒಂದು ತಟ್ಟೆಗೆ ಅದನ್ನೇ ಇಡುತ್ತಿದ್ದ:
"ಸರಿಯಾಗಿ ಐವತ್ತು ಕಿಲೋ, ನೋಡ್ಕೊಳ್ರಿ."

ಸಾಬರು ಅದನ್ನು ಉರುಳಿಸಿ ತಂದರು.
ತೋಳು ಬಂತು, ಮುಟ್ಟಿತು,
ನಿಂತಿತು.
ಎಂಜಿನ್ನಿನ ದನಿ ಕುಸಿಯಿತು, ಪೈಪು ನಡುಗಿತು.
ಗಂಟೇ ಗೆಲ್ಲಲಿ ಅನ್ನಿಸಿತು ನನಗೆ, ಸಾಲ ಮಾಡಿ ತಂದವಳಿಗೆ!
ಸಾಬರು ತೋಳು ಹಿಂದೆಳೆದು, ಗಂಟನ್ನು ಬುಡಮೇಲು ಮಾಡಿ,
ಅಂಗೈಯಲ್ಲಿ ಸವರಿ ಸವರಿ ಎಳೆ ಹುಡುಕಿದರು,
ಎಮ್ಮೆಯ ಗಬ್ಬ ನೋಡುವವರ ಹಾಗೆ.
"ಇಲ್ಲೈತಿ ನೋಡವ್ವ ಬಾಯಿ. ಮಷೀನಿಗೆ ಕಣ್ಣಿಲ್ಲ."

ಮತ್ತೆ ತೋಳು. ಹಪ್ಪಳ ಮುರಿದಷ್ಟೇ ಸದ್ದು ಮೊದಲು.
ಆಮೇಲೆ ಬಿಚ್ಚಿಕೊಂಡಿತು.
ಒಳಗೆ ಹಳೇ ಹುಣಸೆಹಣ್ಣಿನದೇ ಬಣ್ಣ.
ನಿಧಿ ಇಲ್ಲ, ಮೊಳೆ ಇಲ್ಲ;
ಹುಳ ನಡೆದ ಒಂದು ದಾರಿ, ಹಿಡಿ ಹಿಟ್ಟು.

ಎರಡು ಹೋಳನ್ನೂ ಹೊಸ ಕಾಟಾದ ಮೇಲಿಟ್ಟೆ.
ನಲವತ್ತೊಂದು.
ಇನ್ನೊಮ್ಮೆ ಇಟ್ಟೆ.
ನಲವತ್ತೊಂದು.
ಒಣಗುತ್ತಾ ಬಂದಿದೆ ಇಷ್ಟು ವರ್ಷ, ಕೂತಲ್ಲೇ,
ಯಾರ ಯಾರ ಒಲೆಯಿಂದಲೋ
ಒಂದೊಂದು ತುಂಡು ಕದಿಯುತ್ತಾ.
ಅವನಿಗೆ ಗೊತ್ತಿತ್ತೇ?
ಸಾಬರು ನನ್ನ ಮುಖ ನೋಡಲಿಲ್ಲ. ಮಷೀನು ಆರಿಸಿದರು.

ಸಂಜೆ ದೋಸೆ ಹೋಟೆಲಿನ ಗಾಡಿ ಬಂತು.
ಐವತ್ತು ತೂಗಿ ಕೊಟ್ಟೆ,
ಮೇಲೆ ಹುಣಸೆಯ ಒಂದು ಹೋಳು ಎತ್ತಿ ಎಸೆದೆ.
"ಇದ್ಯಾಕಕ್ಕ, ಲೆಕ್ಕಕ್ಕಿಲ್ಲದ್ದು?" ಅಂದ ಹುಡುಗ.
"ಹಿಂದೆ ಬರೆಯುವಾಗ
ಒಂದು ಒತ್ತು ಬಿಟ್ಟುಹೋಗಿತ್ತು," ಅಂದೆ.