ವಿಭಾಗಪತ್ರ

ಹಾಸನದ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಇಪ್ಪತ್ತೆರಡು ವರ್ಷ ಊರವರ ಪಾಲುಪಟ್ಟಿ ಕುಟ್ಟಿದ ಮೇಲೆ
ನನ್ನ ಮಣಿಕಟ್ಟೇ ತಕರಾರು ಹೂಡಿತು.

ಸರಿ, ಕೀಬೋರ್ಡಿಗೂ ಪಾಲು ಮಾಡಿದೆ.
ಒಡೆದ ಕೇರಂ ಹಲಗೆಯಿಂದ ಎರಡು ತುಂಡು,
ನಡುವೆ ನನ್ನ ಭುಜದಗಲ ಜಾಗ.
ಕಿರುಬೆರಳು ಮೋಟು, ಅದರ ಸಾಲು ಅರ್ಧ ಅಂಗುಲ ಕೆಳಗೆ.
ಎಡಪಾಲಿಗೆ ಸ್ವರ, ಬಲಪಾಲಿಗೆ ವ್ಯಂಜನ;
ಎಡಕ್ಕೆ ಒತ್ತುವರಿ ಮಾಡಿ ಕೂತಿದ್ದ ನ, ಮ
ಎರಡನ್ನೂ ತೆರವು ಮಾಡಿಸಿದೆ.
ಚಕ್ಕುಬಂದಿ: ಮಧ್ಯೆ ಕಾಫಿ ಲೋಟ.

ಬೆಸುಗೆ ಕಲಿಸಿದ್ದು ಮಿಕ್ಸಿ ರಿಪೇರಿಯ ಇಲಿಯಾಸ್.
‘ಡಯೋಡಿನ ಕಪ್ಪು ಗೆರೆ ಎಲ್ಲಾ ಒಂದೇ ಕಡೆ ಇರಲಿ, ಅಕ್ಕಾ.’
ವಾರವಿಡೀ ಸಾರಿಗೆ ರಾಳದ ವಾಸನೆ.

ಮೊದಲು ಊರ ಹೆಸರು ಒತ್ತಿದೆ.
ನಡುವಿನ ತಂತಿ ಸಡಿಲ, ಎಡಪಾಲು ಸತ್ತಿತ್ತು,
ದೀರ್ಘ ಬರಲಿಲ್ಲ.
ಪರದೆಯ ಮೇಲೆ: ಹಸನ.
ಒಬ್ಬಳೇ ನಕ್ಕೆ. ಆ ರಾತ್ರಿ ಸರಿಮಾಡಲಿಲ್ಲ.

ನಾನು ಬರೆದ ಯಾವ ಪತ್ರದಲ್ಲೂ
ಪಾಲುಗಳ ನಡುವೆ ತಂತಿ ಇರಲಿಲ್ಲ.

ಸೋಮವಾರ ಶಾಂತಿಗ್ರಾಮದ ಅಣ್ಣತಮ್ಮಂದಿರು,
ಒಬ್ಬರ ಮುಖ ಒಬ್ಬರು ನೋಡದೆ ಕೂತರು.
ಬಾವಿ ಒಂದೇ.
‘ಅದನ್ನ ಹೆಂಗೆ ಬರೀತೀರಾ?’
ಎರಡೂ ಕೈಯಲ್ಲಿ ಒತ್ತಿದೆ:
ಜಂಟಿ.